ಒಳಗೆ ಬಿಡುವ ಅಧಿಕಾರ ಯಾರದು?

ಬೆಂಗಳೂರಿನ ಹೊರವಲಯದಲ್ಲಿ ಎರಡು ಕಟ್ಟಡಗಳಿವೆ. ಒಂದು ದೇವನಹಳ್ಳಿ ಹತ್ತಿರದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. 2008ರ ಮೇ ತಿಂಗಳಲ್ಲಿ ಶುರುವಾಯಿತು. ಹೊರದೇಶದಿಂದ ಬಂದು ಇಳಿದವರು ಅಲ್ಲಿ ಕೌಂಟರ್ ಮುಂದೆ ಸಾಲು ನಿಲ್ಲುತ್ತಾರೆ. ಕುಳಿತಿರುವ ವಲಸೆ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಮುಖ ನೋಡಿ, ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದರೆ ದೇಶದ ಒಳಗೆ, ಬೀಳದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್.

ಇನ್ನೊಂದು ಕಟ್ಟಡ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿದೆ. ಹಿಂದೆ ಅದು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿಗಳ ಹಾಸ್ಟೆಲ್. 2019ರ ಕೊನೆಯಲ್ಲಿ ಅದಕ್ಕೆ ಎತ್ತರದ ಗೋಡೆ, ತಂತಿ, ಕಾವಲು ಬಂತು. ವೀಸಾ ಮುಗಿದರೂ ಉಳಿದವರು, ಕಾಗದವಿಲ್ಲದೆ ಬಂದವರನ್ನು ವಾಪಸ್ ಕಳಿಸುವ ತನಕ ಇಡುವ ಕೇಂದ್ರ ಅದಾಯಿತು.

ಒಂದು ಕಡೆ ಒಳಗೆ ಬಿಡುವ ಬಾಗಿಲು, ಇನ್ನೊಂದು ಕಡೆ ಹೊರಗೆ ಕಳಿಸುವ ಬಾಗಿಲು. ನಡುವೆ ಯಲಹಂಕ, ಹೆಸರಘಟ್ಟ, ಜಾಲಹಳ್ಳಿ, ಯಶವಂತಪುರ. ಈ ಭಾಗದ ಊರುಗಳಲ್ಲಿ ಟೀ ಅಂಗಡಿ ಮಾತು ಆಗಾಗ ಒಂದೇ ಪ್ರಶ್ನೆಗೆ ಬಂದು ನಿಲ್ಲುವುದನ್ನು ನಾವು ಕೇಳಿದ್ದೇವೆ: "ಇವರನ್ನೆಲ್ಲ ಒಳಗೆ ಬಿಟ್ಟವರು ಯಾರು?" ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಸಿಟ್ಟಿನಿಂದ ಉತ್ತರ ಸಿಗುವುದಿಲ್ಲ, ಇತಿಹಾಸದಿಂದ ಸಿಗುತ್ತದೆ. ಬಾಗಿಲ ನಿಯಮ ಬರೆಯುವವರು ಯಾರು, ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ, ಯಾರಿಗಿರಬೇಕು ಎಂದು ಈ ಸಲ ನೋಡೋಣ.

ಸುಂಕದ ಕಾಲ, ಪಾಸ್‌ಪೋರ್ಟ್ ಕಾಲ

ನೂರೈವತ್ತು ವರ್ಷದ ಹಿಂದೆ ನಮ್ಮ ಕಡೆಗೆ ಬರುವವರಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಸುಂಕದಕಟ್ಟೆ ಎಂಬ ಊರೇ ಇದೆ. ಹೆಸರೇ ಹೇಳುವಂತೆ, ದಾರಿಯಲ್ಲಿ ತಡೆದು ಕೇಳುತ್ತಿದ್ದದ್ದು "ಗಾಡಿಯಲ್ಲಿ ಏನಿದೆ" ಎಂದು. "ನೀನು ಯಾವ ದೇಶದವನು" ಎಂಬುದು ಆಮೇಲೆ ಬಂದ ಪ್ರಶ್ನೆ.

ಆ ಪ್ರಶ್ನೆ ತಂದದ್ದು ಯುದ್ಧ. ಮೊದಲ ಮಹಾಯುದ್ಧದ ಭಯದಲ್ಲಿ ಬ್ರಿಟಿಷ್ ಸರ್ಕಾರ ಪಾಸ್‌ಪೋರ್ಟ್ ಕಡ್ಡಾಯ ಮಾಡಿತು. ಯುದ್ಧ ಮುಗಿದರೂ ನಿಯಮ ಮುಗಿಯಲಿಲ್ಲ. 1920ರಲ್ಲಿ ಭಾರತ ಪ್ರವೇಶಕ್ಕೆ ಪಾಸ್‌ಪೋರ್ಟ್ ಕಾಯ್ದೆ ಬಂತು. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ವಿದೇಶಿಯರ ನೋಂದಣಿ ಕಾಯ್ದೆ ಬಂತು. ಆ ಯುದ್ಧದ ಕಾಲದಲ್ಲಿ ಜಾಲಹಳ್ಳಿಯೂ ಸೇರಿದಂತೆ ಬೆಂಗಳೂರಿನ ಸುತ್ತ ಇಟಲಿಯ ಸಾವಿರಾರು ಯುದ್ಧ ಕೈದಿಗಳನ್ನು ಶಿಬಿರಗಳಲ್ಲಿ ಇಟ್ಟಿದ್ದರು. ನೆಲ ಮೈಸೂರಿನದಾದರೂ ತೀರ್ಮಾನ ಬ್ರಿಟಿಷರದು.

1946ರಲ್ಲಿ ವಿದೇಶಿಯರ ಕಾಯ್ದೆ ಬಂತು. ಅದರ 3ನೇ ಕಲಂ ಸರ್ಕಾರಕ್ಕೆ ದೊಡ್ಡ ಅಧಿಕಾರ ಕೊಟ್ಟಿತು: ಒಂದು ಆದೇಶ ಹೊರಡಿಸಿ ಯಾರನ್ನು ಬೇಕಾದರೂ ಬರದಂತೆ ತಡೆಯಬಹುದು, ಇಂಥ ಕಡೆಯೇ ಇರಬೇಕು ಎನ್ನಬಹುದು, ಹೊರಗೆ ಕಳಿಸಬಹುದು. 9ನೇ ಕಲಂ ಇನ್ನೂ ಬಿಗಿ. "ನಾನು ವಿದೇಶಿಯಲ್ಲ" ಎಂದು ಸಾಬೀತು ಮಾಡುವ ಹೊರೆ ಆ ವ್ಯಕ್ತಿಯ ಮೇಲೆಯೇ ಬಿತ್ತು. ಕಳ್ಳತನದ ಕೇಸಿನಲ್ಲಿ ಪೊಲೀಸರು ಸಾಬೀತು ಮಾಡಬೇಕು. ಇಲ್ಲಿ ಅದು ಉಲ್ಟಾ.

ಬ್ರಿಟಿಷರು 1947ರಲ್ಲಿ ಹೋದರು. ಈ ಕಾಯ್ದೆ 2025ರವರೆಗೂ ಉಳಿಯಿತು.

ಸಂವಿಧಾನ ಬೀಗದ ಕೈ ಕೊಟ್ಟದ್ದು ಯಾರಿಗೆ

1950ರ ಸಂವಿಧಾನ ಈ ವಿಷಯದಲ್ಲಿ ಗೊಂದಲ ಇಟ್ಟಿಲ್ಲ. ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸೇರಿದ ಪಟ್ಟಿ ಎಂದು ಮೂರಿವೆ. ಕೇಂದ್ರ ಪಟ್ಟಿಯ 17ನೇ ನಮೂದು ಪೌರತ್ವ ಮತ್ತು ವಿದೇಶಿಯರ ಬಗ್ಗೆ. 19ನೇ ನಮೂದು ದೇಶಕ್ಕೆ ಬರುವುದು, ಹೋಗುವುದು, ಹೊರಹಾಕುವುದು, ಪಾಸ್‌ಪೋರ್ಟ್, ವೀಸಾ ಬಗ್ಗೆ. ಅಂದರೆ ಈ ವಿಷಯಗಳ ಮೇಲೆ ಕಾನೂನು ಮಾಡುವುದು ಸಂಸತ್ತು ಮಾತ್ರ. ವಿಧಾನಸೌಧಕ್ಕೆ ಆ ಅಧಿಕಾರವಿಲ್ಲ. ಪೌರತ್ವದ ಬಗ್ಗೆ 11ನೇ ವಿಧಿ ಇದನ್ನೇ ಮತ್ತೆ ಬಿಡಿಸಿ ಹೇಳುತ್ತದೆ.

ಹಾಗಾದರೆ ಹೆಬ್ಬಾಳದ ಠಾಣೆಯವರು, ಯಲಹಂಕದ ಠಾಣೆಯವರು ವಿದೇಶಿಯರ ಕಾಗದ ನೋಡುವುದು ಯಾವ ಅಧಿಕಾರದಿಂದ? ಅದು ಎರವಲು ಅಧಿಕಾರ. ಸಂವಿಧಾನದ 258ನೇ ವಿಧಿಯಂತೆ ಕೇಂದ್ರ ತನ್ನ ಕೆಲಸವನ್ನು ರಾಜ್ಯದ ಒಪ್ಪಿಗೆ ಪಡೆದು ರಾಜ್ಯಕ್ಕೆ ವಹಿಸಬಹುದು. 1958ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿ, ವಿದೇಶಿಯರನ್ನು ಗುರುತಿಸುವ, ತಡೆದಿಡುವ, ವಾಪಸ್ ಕಳಿಸುವ ಕೆಲಸವನ್ನು ರಾಜ್ಯ ಸರ್ಕಾರಗಳಿಗೂ ಒಪ್ಪಿಸಿದರು. ಜಿಲ್ಲೆಗಳಲ್ಲಿ ಎಸ್‌ಪಿ ಸಾಹೇಬರೇ ವಿದೇಶಿಯರ ನೋಂದಣಿ ಅಧಿಕಾರಿ. ಬೆಂಗಳೂರಿಗೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ಕೇಂದ್ರದ ಪ್ರಾದೇಶಿಕ ಕಚೇರಿ ಇದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುತ್ತೇವೆ. ಇಲ್ಲಿ ಕಾನೂನು ದೆಹಲಿಯದು, ಕೈಗೆ ಸಿಗುವುದು ಠಾಣೆಯವರು. ಅದಕ್ಕೇ ಜನ ಠಾಣೆಯನ್ನೇ ಕೇಳುತ್ತಾರೆ, ಶಾಸಕರನ್ನೇ ಬೈಯುತ್ತಾರೆ. ನಿಯಮ ಬರೆದವರು ಅವರಲ್ಲ.

ಪಾಸ್‌ಪೋರ್ಟ್‌ಗೆ ಕಾನೂನೇ ಇರಲಿಲ್ಲ

ಬರುವವರ ಕಥೆ ಇದಾದರೆ, ಹೋಗುವವರ ಕಥೆ ಇನ್ನೂ ವಿಚಿತ್ರ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ನಮ್ಮ ದೇಶದಲ್ಲಿ ಯಾರಿಗೆ ಪಾಸ್‌ಪೋರ್ಟ್ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಹೇಳುವ ಕಾಯ್ದೆಯೇ ಇರಲಿಲ್ಲ. ಕೊಡುವುದು ಬಿಡುವುದು ಸರ್ಕಾರದ ಮರ್ಜಿ.

ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಗೆ ಪಾಸ್‌ಪೋರ್ಟ್ ಒಪ್ಪಿಸಿ ಎಂದು ಕಚೇರಿ ಹೇಳಿತು. ಅವರು ಸುಪ್ರೀಂ ಕೋರ್ಟ್‌ಗೆ ಹೋದರು. 1967ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಇದ್ದ ಐವರ ಪೀಠ 3–2ರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಹೊರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ, ಕಾನೂನೇ ಇಲ್ಲದೆ ಬರೀ ಅಧಿಕಾರಿಯ ಇಷ್ಟದ ಮೇಲೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ತೀರ್ಪು ಬಂದ ಕೆಲವೇ ವಾರದಲ್ಲಿ ಸುಗ್ರೀವಾಜ್ಞೆ, ಜೂನ್‌ನಲ್ಲಿ ಸಂಸತ್ತಿನಿಂದ ಪಾಸ್‌ಪೋರ್ಟ್ ಕಾಯ್ದೆ ಬಂತು.

ಇವತ್ತು ನಮ್ಮ ಹಳ್ಳಿಯ ಹುಡುಗ ದುಬೈಗೆ ಕೆಲಸಕ್ಕೆ ಹೋಗಲು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಾನೆ. ನಿರಾಕರಿಸಿದರೆ ಕಾರಣ ಕೇಳಬಹುದು, ಮೇಲ್ಮನವಿ ಹಾಕಬಹುದು. ಆ ಹಕ್ಕು ಬಂದದ್ದು ಹೀಗೆ. ಅಧಿಕಾರಿಯ ಮೇಜಿನಿಂದ ನಿಯಮ ಸಂಸತ್ತಿಗೆ ಹೋದಾಗ ಬಡವನಿಗೆ ಹಿಡಿದುಕೊಳ್ಳಲು ಒಂದು ಕೊಂಬೆ ಸಿಕ್ಕಿತು.

ವಿದೇಶಿಯರ ವಿಷಯದಲ್ಲಿ ಮಾತ್ರ ಕೋರ್ಟ್ ಸರ್ಕಾರಕ್ಕೆ ಹೆಚ್ಚು ಸಡಿಲ ಬಿಟ್ಟಿದೆ. 1955ರಲ್ಲಿ ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ, ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಜೀವದ ಹಕ್ಕು ಹೇಳುವ 21ನೇ ವಿಧಿ "ಪ್ರಜೆ" ಎನ್ನುವುದಿಲ್ಲ, "ವ್ಯಕ್ತಿ" ಎನ್ನುತ್ತದೆ. 2020ರ ಮೇ ತಿಂಗಳಲ್ಲಿ ಬಾಬುಲ್ ಖಾನ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ನೆನಪಿಸಿ, ಬಂಧಿತ ವಿದೇಶಿಯರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಮಾರ್ಗಸೂಚಿ ಕೊಟ್ಟಿತು.

ಬೈಲಕುಪ್ಪೆ ಕಲಿಸುವುದು

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಅವರಿಗೆ ಆಶ್ರಯ ಕೊಡುವ ತೀರ್ಮಾನ ಪ್ರಧಾನಿ ನೆಹರೂ ಸರ್ಕಾರದ್ದು. ನಿರಾಶ್ರಿತರ ಬಗ್ಗೆ ಆಗ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇರಲಿಲ್ಲ. ಈಗಲೂ ಇಲ್ಲ.

ಆದರೆ ಬಂದ ಜನ ದೆಹಲಿಯ ಕಡತದಲ್ಲಿ ವಾಸ ಮಾಡಲು ಆಗುತ್ತದೆಯೇ? ನೆಲ ಬೇಕು. ನೆಲ ರಾಜ್ಯದ ವಿಷಯ. ಕೇಂದ್ರ ರಾಜ್ಯಗಳನ್ನು ಕೇಳಿತು, ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು, ಜೋಳ ಬಿತ್ತಿ ಅವರು ಊರು ಕಟ್ಟಿಕೊಂಡರು. ಆಮೇಲೆ ಮುಂಡಗೋಡ, ಕೊಳ್ಳೇಗಾಲದ ಕಡೆಯೂ ಶಿಬಿರಗಳಾದವು.

ಬಾಗಿಲು ತೆರೆದದ್ದು ಕೇಂದ್ರ, ಜಾಗ ಕೊಟ್ಟದ್ದು ರಾಜ್ಯ, ಅಕ್ಕಪಕ್ಕದಲ್ಲಿ ಬದುಕಿದ್ದು ಹಳ್ಳಿ. ಮೂವರಲ್ಲಿ ಒಬ್ಬರು ಒಪ್ಪದಿದ್ದರೂ ಬೈಲಕುಪ್ಪೆ ಆಗುತ್ತಿರಲಿಲ್ಲ. ಕಾಗದದ ಮೇಲಿನ ಅಧಿಕಾರ ಒಬ್ಬರದೇ ಆದರೂ, ಹೊರೆ ಹೊರುವವರನ್ನು ಕೇಳಿ ಮಾಡಿದ ಕೆಲಸ ಬಾಳುತ್ತದೆ.

ಮುಂದಿನ ತಲೆಮಾರಿನ ಪ್ರಶ್ನೆ ಕಾನೂನಿನದು. ಸಂಸತ್ತು ಪೌರತ್ವದ ನಿಯಮವನ್ನು ಎರಡು ಸಲ ಬಿಗಿ ಮಾಡಿತು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆ ದಿನದಿಂದ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು. 2004ರ ಡಿಸೆಂಬರ್ 3ರಿಂದ, ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಟಿಬೆಟಿಯನ್ ತಂದೆ ತಾಯಿಗೆ 1987ಕ್ಕೆ ಮೊದಲು ಇಲ್ಲೇ ಹುಟ್ಟಿದವರನ್ನೂ ಕಚೇರಿಗಳು ಪ್ರಜೆಗಳೆಂದು ಒಪ್ಪುತ್ತಿರಲಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು: ಸಂಸತ್ತಿನ ಕಾಯ್ದೆ ಕೊಟ್ಟ ಪೌರತ್ವವನ್ನು ಕಚೇರಿ ಕಿತ್ತುಕೊಳ್ಳುವಂತಿಲ್ಲ.

ತಲಪಾಡಿಯ ಮಣ್ಣಿನ ರಾಶಿ

ದೇಶದ ಗಡಿ ಬೇರೆ, ರಾಜ್ಯದ ಗಡಿ ಬೇರೆ. ಇದನ್ನು ಮರೆತರೆ ಏನಾಗುತ್ತದೆ ಎಂದು 2020ರ ಮಾರ್ಚ್‌ನಲ್ಲಿ ಕಂಡೆವು. ಕೊರೊನಾ ಭಯಕ್ಕೆ ನಮ್ಮ ರಾಜ್ಯದವರು ಕಾಸರಗೋಡಿನಿಂದ ಬರುವ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಕಾಸರಗೋಡಿನ ಜನ ದೊಡ್ಡ ಆಸ್ಪತ್ರೆಗೆ ಬರುವುದು ಮಂಗಳೂರಿಗೆ. ಅವರಲ್ಲಿ ಕನ್ನಡ, ತುಳು ಆಡುವವರೇ ಸಾಕಷ್ಟು. ಆಂಬುಲೆನ್ಸ್‌ಗಳೂ ತಲಪಾಡಿಯಲ್ಲಿ ನಿಂತವು.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತಡೆ ತೆಗೆಸಿ ಎಂದು ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. ಕೊನೆಗೆ ರೋಗಿಗಳನ್ನು ಬಿಡಲು ಎರಡೂ ರಾಜ್ಯಗಳ ನಡುವೆ ಒಂದು ಕ್ರಮ ಗೊತ್ತಾಯಿತು. ಸಂವಿಧಾನದ 19ನೇ ವಿಧಿ ಪ್ರತಿ ಪ್ರಜೆಗೂ ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು ಕೊಟ್ಟಿದೆ. ಯಶವಂತಪುರ ನಿಲ್ದಾಣದಲ್ಲಿ ಬ್ಯಾಗು ಹೊತ್ತು ಇಳಿಯುವ ಬಂಗಾಳದ, ಬಿಹಾರದ, ಅಸ್ಸಾಂನ ಹುಡುಗನಿಗೂ ಅದೇ ಹಕ್ಕು. ಪುಣೆಗೆ, ಗೋವಾಕ್ಕೆ ದುಡಿಯಲು ಹೋಗುವ ನಮ್ಮ ಕಲಬುರಗಿ, ವಿಜಯಪುರದವರಿಗೂ ಅದೇ ಹಕ್ಕು.

ಗುಂಪು ಅಧಿಕಾರ ತೆಗೆದುಕೊಂಡಾಗ

2012ರ ಆಗಸ್ಟ್‌ನಲ್ಲಿ ಮೊಬೈಲ್‌ನಲ್ಲಿ ಸುಳ್ಳು ಸುದ್ದಿ ಹರಿದಾಡಿತು. ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಎರಡು ಮೂರು ದಿನದಲ್ಲಿ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ರಾಶಿ ಎಸ್‌ಎಂಎಸ್ ಕಳಿಸುವುದನ್ನು ಕೇಂದ್ರ 15 ದಿನ ನಿಷೇಧಿಸಿತು. ಓಡಿಹೋದವರು ಭಾರತದ ಪ್ರಜೆಗಳು. ಹೋಗಿ ಎಂದು ಹೇಳಿದ್ದು ಯಾವ ಕಾಯ್ದೆಯೂ ಅಲ್ಲ, ವದಂತಿ.

2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಹೊಡೆದು ಸ್ಥಳೀಯ ಮಹಿಳೆ ಸತ್ತರು. ಆ ಸಾವಿಗೆ ಸಿಟ್ಟು ಬಂದದ್ದು ಸಹಜ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಅವಮಾನ ಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ದೇಶವೂ ಬೇರೆ. ಆಕೆ ಕಾಲೇಜಿಗೆ ಸೇರಿ, ವೀಸಾ ಪಡೆದು ಬಂದವಳು. ನಂತರ ಹಲವರ ಬಂಧನವಾಯಿತು, ಪೊಲೀಸರೂ ಅಮಾನತಾದರು.

ನಮ್ಮ ಹಳ್ಳಿಗಳಲ್ಲಿ "ಪರದೇಶಿ" ಎಂದರೆ ದಿಕ್ಕಿಲ್ಲದವನು, ಯಾರೂ ಇಲ್ಲದವನು ಎಂದೇ ಅರ್ಥ. ಅಯ್ಯೋ ಪಾಪ ಎನ್ನುವಾಗ ಬಳಸುವ ಮಾತು ಅದು. ಬೈಗುಳವಾಗಿ ಅದು ಬದಲಾದರೆ ನಷ್ಟ ನಮ್ಮದೇ.

2025: ಹೊಸ ಕಾಯ್ದೆ, ಹೊಸ ಆದೇಶ

ಬ್ರಿಟಿಷ್ ಕಾಲದ ಮೂರು ಕಾಯ್ದೆ ಮತ್ತು 2000ದ ಒಂದು ಕಾಯ್ದೆಯನ್ನು ತೆಗೆದು, ಕೇಂದ್ರ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದಿತು. ಲೋಕಸಭೆ 2025ರ ಮಾರ್ಚ್ 27ರಂದು, ರಾಜ್ಯಸಭೆ ಏಪ್ರಿಲ್ 2ರಂದು ಒಪ್ಪಿದವು. ಸೆಪ್ಟೆಂಬರ್ 1ರಿಂದ ಜಾರಿ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ. ನಕಲಿ ಕಾಗದ ಬಳಸಿದರೆ 2ರಿಂದ 7 ವರ್ಷ ಜೈಲು. ಒಳಗೆ ಬಿಡಬೇಕೋ ಬೇಡವೋ ಎಂಬುದರಲ್ಲಿ ವಲಸೆ ಅಧಿಕಾರಿಯ ಮಾತೇ ಅಂತಿಮ. ಪ್ರಜೆ ಎಂದು ಸಾಬೀತು ಮಾಡುವ ಹೊರೆ ಹಳೆಯಂತೆಯೇ ವ್ಯಕ್ತಿಯ ಮೇಲೆ.

ಹಳೆಯ ಕಾಯ್ದೆ ತೆಗೆದದ್ದು ಒಳ್ಳೆಯದೇ. ಸಂಸತ್ತಿನಲ್ಲಿ ಚರ್ಚೆಯೂ ಆಯಿತು. ಜಂಟಿ ಸಮಿತಿಗೆ ಒಪ್ಪಿಸಿ ಎಂದು ವಿರೋಧ ಪಕ್ಷದವರು ಕೇಳಿದರು, ಒಪ್ಪಿಸಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಆರು ಧರ್ಮಗಳವರಿಗೆ 2014ರ ಡಿಸೆಂಬರ್ 31ರ ಗಡುವು ಇತ್ತು. ಆ ಗಡುವು ಸಂಸತ್ತಿನಲ್ಲಿ ಜಗಳವಾಡಿ, ಮತ ಹಾಕಿ ಬಂದದ್ದು. ಪರ ಇದ್ದವರ, ವಿರೋಧ ಇದ್ದವರ ಹೆಸರು ದಾಖಲೆಯಲ್ಲಿದೆ. 2025ರ ಸೆಪ್ಟೆಂಬರ್ 1ರಂದು ಗೃಹ ಸಚಿವಾಲಯ ವಿನಾಯಿತಿ ಆದೇಶ ಹೊರಡಿಸಿತು. ಅದೇ ಮೂರು ದೇಶದ ಅದೇ ಆರು ಧರ್ಮಗಳವರು, ಧಾರ್ಮಿಕ ಕಿರುಕುಳಕ್ಕೆ ಹೆದರಿ 2024ರ ಡಿಸೆಂಬರ್ 31ರವರೆಗೆ ಬಂದಿದ್ದರೆ, ಪಾಸ್‌ಪೋರ್ಟ್ ಇಲ್ಲವೆಂದು ಅವರಿಗೆ ಶಿಕ್ಷೆಯಿಲ್ಲ ಎಂದಿತು. ಇದು ಪೌರತ್ವ ಕೊಡುವ ಆದೇಶ ಅಲ್ಲ, ಉಳಿಯಲು ಬಿಡುವ ಆದೇಶ. ಆದರೂ ಹತ್ತು ವರ್ಷದಷ್ಟು ದೊಡ್ಡ ಬದಲಾವಣೆ ಮತದಿಂದ ಬರಲಿಲ್ಲ, ಅಧಿಸೂಚನೆಯಿಂದ ಬಂತು.

ವಿನಾಯಿತಿ ಸರಿಯೋ ತಪ್ಪೋ ಎಂಬುದು ಇಲ್ಲಿ ಮಾತಲ್ಲ. ಇವತ್ತು ಒಂದು ಕಾಗದ ಬಾಗಿಲು ತೆರೆಯಬಲ್ಲದಾದರೆ, ನಾಳೆ ಇನ್ನೊಂದು ಕಾಗದ ಮುಚ್ಚಬಲ್ಲದು.

ಅಮೆರಿಕದಲ್ಲಿ ಒಂದು ಸಹಿ

ಮುಚ್ಚಿದರೆ ಹೇಗಿರುತ್ತದೆ ಎಂದು ಅದೇ ತಿಂಗಳು ನಮ್ಮವರಿಗೇ ಗೊತ್ತಾಯಿತು. 2025ರ ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಎಚ್‌-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು. ನಮ್ಮ ದುಡ್ಡಿನಲ್ಲಿ ಸುಮಾರು 88 ಲಕ್ಷ. ಭಾನುವಾರದಿಂದಲೇ ಜಾರಿ. ರಜೆಗೆ ಊರಿಗೆ ಬಂದವರು ಗಾಬರಿಯಾದರು. ವಾಪಸ್ ಬಿಡುತ್ತಾರೋ ಇಲ್ಲವೋ ತಿಳಿಯದೆ ಟಿಕೆಟ್ ಹುಡುಕಿದರು. ಹಳೆಯ ವೀಸಾದವರಿಗೆ ಇದು ಇಲ್ಲ ಎಂದು ಶನಿವಾರ ವಿವರಣೆ ಬಂತು.

ಆ ವೀಸಾ ಮಾಡಿದ್ದು ಅಮೆರಿಕದ ಸಂಸತ್ತು, 1990ರ ಕಾಯ್ದೆಯಲ್ಲಿ. ಬದಲಿಸಿದ್ದು ಒಬ್ಬರ ಸಹಿ. ಅದಕ್ಕೆ ಅವರು ಬಳಸಿದ್ದು 1952ರ ಕಾಯ್ದೆ ಅಧ್ಯಕ್ಷರಿಗೆ ಕೊಟ್ಟಿದ್ದ ಅಧಿಕಾರ. ವ್ಯಾಪಾರಿಗಳ ಸಂಘ ಕೋರ್ಟ್‌ಗೆ ಹೋಯಿತು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ನ್ಯಾಯಾಲಯ ಅಧ್ಯಕ್ಷರ ಪರ ಹೇಳಿತು. ಎಂದೋ ಕೊಟ್ಟ ಎರವಲು ಅಧಿಕಾರ ಎಪ್ಪತ್ತು ವರ್ಷದ ಮೇಲೆ ಯಾರ ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

ನಾವು ಹೇಳುವುದು

ಬರುವವರ ನಿಯಮ ಬರೆಯುವುದು, ಬದಲಿಸುವುದು ಸಂಸತ್ತಿನಲ್ಲೇ ಆಗಬೇಕು. ನಾವು ಆರಿಸಿ ಕಳಿಸಿದವರು ಅಲ್ಲಿದ್ದಾರೆ, ಅವರನ್ನು ಕೇಳಬಹುದು, ಐದು ವರ್ಷಕ್ಕೊಮ್ಮೆ ಬದಲಿಸಬಹುದು. ಯುದ್ಧ, ರೋಗ ಬಂದಾಗ ಸಚಿವಾಲಯ ತಕ್ಷಣ ಆದೇಶ ಹೊರಡಿಸಬೇಕಾಗುತ್ತದೆ, ನಿಜ. ಸಂಸತ್ತು ಕೂಡುವವರೆಗೆ ಟಿಬೆಟಿನವರನ್ನು ಹಿಮದಲ್ಲಿ ನಿಲ್ಲಿಸಲು ಆಗುತ್ತಿರಲಿಲ್ಲ. ಆದರೆ ಅಂಥ ಆದೇಶಕ್ಕೆ ಅವಧಿ ಇರಬೇಕು, ಆಮೇಲೆ ಸಂಸತ್ತಿನ ಮತಕ್ಕೆ ಬರಬೇಕು. ಹೊರೆ ಹೊರುವ ರಾಜ್ಯವನ್ನು ಮೊದಲೇ ಕೇಳಬೇಕು. ಸಂಸತ್ತೂ ತಪ್ಪಬಹುದು, ಅದಕ್ಕೆ ಕೋರ್ಟ್ ಇರಬೇಕು. ಅಸ್ಸಾಂಗೆ ಮಾಡಿದ್ದ 1983ರ ಅಕ್ರಮ ವಲಸಿಗರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2005ರಲ್ಲಿ ರದ್ದು ಮಾಡಿದ್ದು ಹೀಗೆಯೇ.

ಇನ್ನು ನಮ್ಮ ಊರಿನ ಮಟ್ಟಕ್ಕೆ ಬರೋಣ. ತೋಟಕ್ಕೆ, ಇಟ್ಟಿಗೆ ಗೂಡಿಗೆ ಬಂದ ಹೊರರಾಜ್ಯದ ಕೂಲಿಯವರನ್ನು "ಊರು ಬಿಡಿ" ಎನ್ನುವ ಅಧಿಕಾರ ಗ್ರಾಮ ಪಂಚಾಯ್ತಿಗೆ ಇಲ್ಲ, ಸಂಘಟನೆಗಳಿಗೂ ಇಲ್ಲ. ಕಾಗದ ತೋರಿಸು ಎಂದು ದಾರಿಯಲ್ಲಿ ತಡೆಯುವ ಅಧಿಕಾರ ಯಾವ ಗುಂಪಿಗೂ ಇಲ್ಲ. ಅನುಮಾನ ಬಂದರೆ ಠಾಣೆಗೆ ತಿಳಿಸುವುದಷ್ಟೇ ನಮ್ಮ ಕೆಲಸ. ಮನೆ ಬಾಡಿಗೆಗೆ ಕೊಟ್ಟವರು ವಿದೇಶಿಯರಿದ್ದರೆ 24 ಗಂಟೆಯೊಳಗೆ ಮಾಹಿತಿ ಕೊಡಬೇಕು, ಅದು ಕಾನೂನು. ಪೊಲೀಸರೂ ಸುಮ್ಮನೆ ಒಬ್ಬನನ್ನು ಹಿಡಿದು "ಪ್ರಜೆ ಎಂದು ಸಾಬೀತು ಮಾಡು" ಎನ್ನುವಂತಿಲ್ಲ. ಮೊದಲು ಅವರ ಕೈಯಲ್ಲಿ ಆಧಾರ ಇರಬೇಕು ಎಂದು 2024ರ ಜುಲೈನಲ್ಲಿ ಅಸ್ಸಾಂನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆಧಾರ್ ಕಾರ್ಡ್ ಪೌರತ್ವದ ಪುರಾವೆ ಅಲ್ಲ ಎಂಬುದೂ ನೆನಪಿರಲಿ. ಮಕ್ಕಳ ಜನನ ಪತ್ರ, ಶಾಲೆಯ ದಾಖಲಾತಿ, ಅಪ್ಪ ಅಮ್ಮನ ಹಳೆಯ ಕಾಗದಗಳನ್ನು ಜೋಪಾನವಾಗಿ ಇಡಿ. ನಿಮ್ಮ ಸಂಸದರು ಮುಂದಿನ ಸಲ ಊರಿಗೆ ಬಂದಾಗ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ: "ವಿದೇಶಿಯರ ಕಾಯ್ದೆ ಚರ್ಚೆಗೆ ಬಂದ ದಿನ ನೀವು ಸದನದಲ್ಲಿ ಇದ್ದಿರಾ? ಏನು ಮಾತಾಡಿದಿರಿ?"